ನಾನು ಜೇನು ಸಾಕಿದ ವರ್ಷಗಳು

ಕಳೆದ ಜನವರಿಯ ಒಂದು ಮಧ್ಯಾಹ್ನ, ಊಟದ ಬಿಡುವಿನಲ್ಲಿ, ನಮ್ಮ ಶಾಲೆಯ ಹಿಂದಿನ ಗೇರುಮರದ ಸುತ್ತ ಮಕ್ಕಳ ಗುಂಪು ಸೇರಿತ್ತು. ಮರದ ತಗ್ಗಿನ ಕೊಂಬೆಯಲ್ಲಿ ತೆಂಗಿನಕಾಯಿಯಷ್ಟು ದಪ್ಪನಾದ ಕಂದು ಬಣ್ಣದ ಗೊಂಚಲೊಂದು ತೂಗುತ್ತಿತ್ತು. ಕಾಲಿಗೆ ಕಾಲು ಕೋದುಕೊಂಡು ನೇತಾಡುತ್ತಿದ್ದ ಸಾವಿರಾರು ಜೇನುನೊಣಗಳ ಗೊಂಚಲು ಅದು. ಎಂಟನೆಯ ತರಗತಿಯ ಹುಡುಗನೊಬ್ಬ ಕಲ್ಲು ಎತ್ತಿಕೊಂಡಿದ್ದ. ಅವನ ಗೆಳೆಯ ಅವನ ಕೈಯನ್ನು ಬಿಗಿಯಾಗಿ ಹಿಡಿದಿದ್ದ. ನನ್ನನ್ನು ಕಂಡೊಡನೆ ಒಬ್ಬ ಹುಡುಗಿ ಕೇಳಿದಳು: "ಸರ್, ಇವು ಎಲ್ಲಿಂದ ಬಂದಾವ್ರೀ? ಮತ್ತ ಎಲ್ಲಿಗೆ ಹೊಂಟಾವು?"

ಅಷ್ಟರಲ್ಲಿ ಗಂಟೆ ಹೊಡೆಯಿತು. ಉತ್ತರ ಹೇಳಲು ವೇಳೆಯಿರಲಿಲ್ಲ. ಸಂಜೆ ಶಾಲೆ ಬಿಡುವ ಹೊತ್ತಿಗೆ ಗೊಂಚಲು ಎದ್ದು ಬೋಂಡ್ಲಾ ಕಾಡಿನ ದಿಕ್ಕಿಗೆ ಹಾರಿಹೋಗಿತ್ತು. ಆ ಹುಡುಗಿಯ ಪ್ರಶ್ನೆ ಮಾತ್ರ ನನ್ನಲ್ಲಿಯೇ ಉಳಿಯಿತು. ಅವಳ ವಯಸ್ಸಿಗಿಂತ ಚಿಕ್ಕವನಾಗಿದ್ದಾಗ ನಾನೂ ಅದೇ ಪ್ರಶ್ನೆ ಕೇಳಿದ್ದೆ. ಅದರ ಉತ್ತರ ಕಲಿಯಲು ನನಗೆ ನಾಲ್ಕು ವರ್ಷ ಹಿಡಿಯಿತು. ಆ ನಾಲ್ಕು ವರ್ಷಗಳ ಕಥೆಯನ್ನೇ ಇಲ್ಲಿ ಪಾಠದ ರೂಪದಲ್ಲಿ ಬರೆಯುತ್ತಿದ್ದೇನೆ.

ನಾಲ್ಕು ಬಗೆಯ ಜೇನು

ಮೊದಲು ನಮ್ಮ ಕಡೆಯ ಜೇನುಗಳ ಪರಿಚಯ ಮಾಡಿಕೊಳ್ಳೋಣ. ದೊಡ್ಡ ಮರದ ಎತ್ತರದ ಕೊಂಬೆಗೆ, ಬಂಡೆಗೆ, ನೀರಿನ ಟಾಂಕಿಯ ಅಡಿಗೆ ಒಂದೇ ದೊಡ್ಡ ಎರಿಯನ್ನು ಕಟ್ಟುವುದು ಹೆಜ್ಜೇನು. ಹೆಮ್ಮರ, ಹೆದ್ದಾರಿ, ಹೆಬ್ಬಾಗಿಲು ಎಂಬ ಶಬ್ದಗಳಂತೆಯೇ ಇದೂ ಕರ್ಮಧಾರಯ ಸಮಾಸ: ಹಿರಿದು ಜೇನು, ಹೆಜ್ಜೇನು. ಇದು ಬಯಲಿನಲ್ಲಿ ಗೂಡು ಕಟ್ಟುತ್ತದೆ, ಋತುವಿಗೆ ತಕ್ಕಂತೆ ಊರು ಬದಲಾಯಿಸುತ್ತದೆ. ಆದ್ದರಿಂದ ಪೆಟ್ಟಿಗೆಯಲ್ಲಿ ಸಾಕಲು ಬಾರದು. ಸಿಟ್ಟೂ ಹೆಚ್ಚು. ಅದರ ಬಳಿಗೆ ಮಕ್ಕಳು ಹೋಗಲೇಕೂಡದು. ಎರಡನೆಯದು ಕೋಲುಜೇನು. ಪೊದೆಯ ಕಡ್ಡಿಯೊಂದನ್ನು ನಡುವೆ ಇಟ್ಟುಕೊಂಡು ಅಂಗೈಯಗಲದ ಪುಟ್ಟ ಎರಿ ಕಟ್ಟುವುದು. ಇದನ್ನೂ ಪೆಟ್ಟಿಗೆಗೆ ಕೂಡಿಸಲಾಗದು. ಮೂರನೆಯದು ಮುಜಂಟಿ. ಗೋಡೆಯ ಸಂದಿಯಲ್ಲಿ ಮೇಣದ ಕೊಳವೆಯಂಥ ಬಾಗಿಲು ಮಾಡಿಕೊಂಡು ಇರುವ, ಸೊಳ್ಳೆಗಿಂತ ಸ್ವಲ್ಪ ದಪ್ಪನೆಯ ಕಪ್ಪು ನೊಣ. ಇದು ಚುಚ್ಚುವುದಿಲ್ಲ.

ನಾಲ್ಕನೆಯದು ತುಡುವೆ. ಮರದ ಪೊಟರೆ, ಹುತ್ತ, ಕಲ್ಲಿನ ಸಂದಿ, ಹೀಗೆ ಕತ್ತಲೆಯ ಜಾಗದಲ್ಲಿ ಒಂದರ ಪಕ್ಕ ಒಂದರಂತೆ ಹಲವು ಎರಿಗಳನ್ನು ಇಳಿಬಿಡುವ ಜೇನು ಇದು. ಪೆಟ್ಟಿಗೆಯ ಒಳಗೂ ಕತ್ತಲೆ. ಅಲ್ಲಿಯೂ ಎರಿಗಳನ್ನು ಸಾಲಾಗಿ ಕಟ್ಟಬಹುದು. ಆದಕಾರಣ ತುಡುವೆ ಪೆಟ್ಟಿಗೆಗೆ ಒಗ್ಗುತ್ತದೆ. ನಾನು ಸಾಕಿದ್ದು ಇದನ್ನು. ಗೇರುಮರದಲ್ಲಿ ನೀವು ಕಂಡದ್ದೂ ಇದನ್ನೇ.

ಪೆಟ್ಟಿಗೆ ಮನೆಗೆ ಬಂದುದು

ನಾನು ಹುಟ್ಟಿ ಬೆಳೆದದ್ದು ದಕ್ಷಿಣ ಕನ್ನಡದ ಸುಳ್ಯ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಸುತ್ತ ಅಡಿಕೆ ತೋಟ, ಅದರಾಚೆ ರಬ್ಬರ್ ತೋಟ, ಅದರಾಚೆ ಕಾಡು. ಆ ಭಾಗದಲ್ಲಿ ಜೇನು ಸಾಕಣೆ ಮನೆ ಮನೆಯ ಉಪಕಸುಬಾಗಿತ್ತು. ಪುತ್ತೂರಿನಲ್ಲಿ ಜೇನು ವ್ಯವಸಾಯಗಾರರ ಸಹಕಾರಿ ಸಂಘವೇ ಇತ್ತು. 1990ರ ನವೆಂಬರಿನಲ್ಲಿ, ನಾನು ಐದನೆಯ ತರಗತಿಯಲ್ಲಿದ್ದಾಗ, ನನ್ನ ಸೋದರಮಾವ ಒಂದು ಖಾಲಿ ಪೆಟ್ಟಿಗೆಯನ್ನೂ ಇನ್ನೂರು ಪುಟದ ಒಂದು ನೋಟುಪುಸ್ತಕವನ್ನೂ ತಂದುಕೊಟ್ಟರು. "ಪೆಟ್ಟಿಗೆ ಜೇನಿಗೆ, ಪುಸ್ತಕ ನಿನಗೆ. ವಾರಕ್ಕೊಮ್ಮೆ ನೋಡಬೇಕು, ನೋಡಿದ್ದನ್ನು ಬರೆಯಬೇಕು. ಬರೆಯದವನಿಗೆ ಜೇನು ಇಲ್ಲ" ಎಂದರು.

ಪೆಟ್ಟಿಗೆಯ ರಚನೆ ಸರಳವಾದರೂ ಅದರ ಹಿಂದೆ ಒಂದು ದೊಡ್ಡ ಅವಲೋಕನವಿದೆ. ಜೇನುನೊಣಗಳು ತಮ್ಮ ಗೂಡಿನೊಳಗೆ ಓಡಾಡಲು ಒಂದು ನಿರ್ದಿಷ್ಟ ಅಳತೆಯ ಸಂದನ್ನು ಮಾತ್ರ ಬಿಟ್ಟುಕೊಳ್ಳುತ್ತವೆ. ಸಂದು ಅದಕ್ಕಿಂತ ದೊಡ್ಡದಾದರೆ ಅಲ್ಲಿ ಎರಿ ಕಟ್ಟಿಬಿಡುತ್ತವೆ, ಚಿಕ್ಕದಾದರೆ ಮುಚ್ಚಿಬಿಡುತ್ತವೆ. ಇದನ್ನು ಉಪಯೋಗಿಸಿಕೊಂಡು ಎರಿಯ ಚೌಕಟ್ಟುಗಳನ್ನು ಹೊರತೆಗೆಯಬಹುದಾದ ಪೆಟ್ಟಿಗೆಯನ್ನು ರೂಪಿಸಿದವರು ಅಮೆರಿಕದ ಲ್ಯಾಂಗ್‌ಸ್ಟ್ರಾತ್, 1851ರಲ್ಲಿ. ಯುರೋಪಿನ ಜೇನಿಗೆ ಆ ಸಂದು ಸುಮಾರು ಒಂದು ಇಂಚಿನ ಎಂಟನೆಯ ಮೂರು ಪಾಲು. ನಮ್ಮ ತುಡುವೆ ಗಾತ್ರದಲ್ಲಿ ಚಿಕ್ಕದು, ಅದರ ಸಂಸಾರವೂ ಚಿಕ್ಕದು. ಅದಕ್ಕೆ ಹೊಂದುವ ಪುಟ್ಟ ಪೆಟ್ಟಿಗೆಯನ್ನು ತಿರುಚಿನಾಪಳ್ಳಿಯ ಕಡೆ ಪಾದ್ರಿ ನ್ಯೂಟನ್ ಎಂಬವರು ರೂಪಿಸಿ, 1911ರಿಂದ 1917ರ ವರೆಗೆ ಹಳ್ಳಿಗರಿಗೆ ಜೇನು ಸಾಕಣೆ ಕಲಿಸಿದರು. ನಮ್ಮ ಮನೆಗೆ ಬಂದದ್ದು ಅದೇ ಮಾದರಿ. ಕೆಳಗೆ ಏಳು ಚೌಕಟ್ಟಿನ ಸಂಸಾರ ಕೋಣೆ, ಮೇಲೆ ಜೇನು ಕೋಣೆ, ಅದರ ಮೇಲೆ ಮುಚ್ಚಳ.

ಡಿಸೆಂಬರಿನ ಒಂದು ಸಂಜೆ ತೋಟದಂಚಿನ ಹುತ್ತದಿಂದ ಜೇನು ತಂದೆವು. ಮಾವ ತೆಂಗಿನ ಸಿಪ್ಪೆಯ ಹೊಗೆ ಕೊಟ್ಟರು. ಹೊಗೆ ತಾಗಿದರೆ ನೊಣಗಳು ಗಾಬರಿಯಿಂದ ಜೇನು ಕುಡಿಯತೊಡಗುತ್ತವೆ, ಹೊಟ್ಟೆ ತುಂಬಿದ ಮೇಲೆ ಚುಚ್ಚುವ ಹುರುಪು ಕಡಿಮೆ. ಎರಿಗಳನ್ನು ಒಂದೊಂದಾಗಿ ಕೊಯ್ದು ಬಾಳೆನಾರಿನಿಂದ ಚೌಕಟ್ಟಿಗೆ ಕಟ್ಟಿದರು. ರಾಣಿ ಎಲ್ಲಿದ್ದಾಳೆಂದು ಹುಡುಕುವುದು ನನ್ನ ಕೆಲಸ. ಉಳಿದವಕ್ಕಿಂತ ಉದ್ದನೆಯ ಹೊಟ್ಟೆಯ, ಗಿಡ್ಡ ರೆಕ್ಕೆಯ ಆ ಒಂದು ನೊಣ ಕಂಡಾಗ ಕೂಗಿಬಿಟ್ಟೆ. ಅವಳು ಪೆಟ್ಟಿಗೆ ಸೇರಿದಳೆಂದರೆ ಉಳಿದವೆಲ್ಲ ತಾವಾಗಿಯೇ ಹಿಂದೆ ಬರುತ್ತವೆ. ಆ ಸಂಜೆ ನನಗೆ ಬಿದ್ದ ಚುಚ್ಚು ಮೂರು. ಮುಳ್ಳನ್ನು ಉಗುರಿನಿಂದ ಒಡನೆಯೇ ಕೆರೆದು ತೆಗೆಯಬೇಕೆಂದು ಅಂದೇ ಕಲಿತೆ. ಚುಚ್ಚಿದ ನೊಣ ಸಾಯುತ್ತದೆ ಎಂದೂ ಅಂದೇ ತಿಳಿಯಿತು. ಅದರ ಮುಳ್ಳಿಗೆ ಹಿಂದುಮುಂದಾದ ಗರಗಸದಂಥ ಹಲ್ಲುಗಳಿವೆ. ನಮ್ಮ ಚರ್ಮದಲ್ಲಿ ನಾಟಿದ ಮುಳ್ಳು ನೊಣದ ಹೊಟ್ಟೆಯ ಭಾಗವನ್ನೇ ಕಿತ್ತುಕೊಂಡು ಉಳಿದುಬಿಡುತ್ತದೆ.

"ಮಗಾ, ಇದು ದನದ ಹಾಗಲ್ಲ. ಹಗ್ಗ ಹಾಕಿ ಕಟ್ಟಲಿಕ್ಕೆ ಆಗುವುದಿಲ್ಲ. ಇಲ್ಲಿ ಇರಬಹುದು ಅಂತ ಅವಕ್ಕೆ ಕಂಡರೆ ಇರ್ತವೆ, ಇಲ್ಲದಿದ್ದರೆ ಹೋಗ್ತವೆ" ಎಂದರು ಮಾವ. ಪೆಟ್ಟಿಗೆಯನ್ನು ಹಲಸಿನ ಮರದ ನೆರಳಿನಲ್ಲಿ ಸ್ಟ್ಯಾಂಡಿನ ಮೇಲಿಟ್ಟು, ಇರುವೆ ಹತ್ತದಂತೆ ನಾಲ್ಕು ಕಾಲಿಗೂ ನೀರಿನ ಬಟ್ಟಲು ಇಟ್ಟೆವು.

ಬೇಸಿಗೆ: ಹೂವಿನ ಕಾಲ

ಚಳಿ ಇಳಿಯುತ್ತಿದ್ದಂತೆ ಪೆಟ್ಟಿಗೆಯ ಬಾಗಿಲಲ್ಲಿ ಸಂಚಾರ ಹೆಚ್ಚಿತು. ಹಿಂಗಾಲುಗಳಿಗೆ ಹಳದಿ ಉಂಡೆ ಅಂಟಿಸಿಕೊಂಡು ಬರುವ ನೊಣಗಳನ್ನು ಎಣಿಸುವುದು ನನ್ನ ಬೆಳಗಿನ ಕೆಲಸವಾಯಿತು. ಆ ಉಂಡೆ ಪರಾಗ. ಮರಿಗಳಿಗೆ ಬೇಕಾದ ಪೌಷ್ಟಿಕ ಆಹಾರ. ಅಡಿಕೆ ಮತ್ತು ತೆಂಗಿನ ಹೊಂಬಾಳೆಗಳು ವರ್ಷದ ಬಹುಕಾಲ ಪರಾಗ ಕೊಡುತ್ತವೆ. ಮಕರಂದ ಮಾತ್ರ ಕಾಲಕ್ಕೆ ತಕ್ಕಂತೆ. ಮೊದಲು ಗೇರು ಮತ್ತು ಮಾವು, ಬಳಿಕ ನೇರಳೆ. ನಮ್ಮ ಕಡೆ ಎಲ್ಲಕ್ಕಿಂತ ಹೆಚ್ಚು ಕೊಡುವುದು ರಬ್ಬರ್ ಮರ. ಅದರಲ್ಲಿಯೂ ಒಂದು ಸೋಜಿಗ. ರಬ್ಬರಿನ ಜೇನು ಬರುವುದು ಹೂವಿನಿಂದಲ್ಲ, ಎಳೆ ಎಲೆಯ ತೊಟ್ಟಿನಲ್ಲಿರುವ ಪುಟ್ಟ ಗ್ರಂಥಿಗಳಿಂದ. ಎಲೆಯುದುರಿ ಹೊಸ ಚಿಗುರು ಬರುವಾಗ ಆ ಗ್ರಂಥಿಗಳಲ್ಲಿ ಸಿಹಿ ಒಸರುತ್ತದೆ. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಬೆಳಗ್ಗೆ ರಬ್ಬರ್ ತೋಟದಲ್ಲಿ ನಿಂತರೆ ತೋಟವೇ ಗುಂಯ್‌ಗುಡುತ್ತಿತ್ತು.

ಗೂಡಿನ ಒಳಗಿನ ವ್ಯವಸ್ಥೆಯನ್ನು ಈಗ ನೋಡೋಣ. ಒಂದು ಸಂಸಾರಕ್ಕೆ ಒಬ್ಬಳೇ ರಾಣಿ. ಮೊಟ್ಟೆಯಿಡುವುದು ಅವಳ ಕೆಲಸ. ಉಳಿದ ಸಾವಿರಾರು ನೊಣಗಳು ಆಳುನೊಣಗಳು, ಎಲ್ಲವೂ ಹೆಣ್ಣು. ಗಂಡು ನೊಣಗಳು ಕೆಲವು ನೂರು, ಅದೂ ಕೆಲವು ಕಾಲ ಮಾತ್ರ. ಇಟ್ಟ ಮೊಟ್ಟೆ ಆಳುನೊಣವಾಗಿ ಹೊರಬರಲು ತುಡುವೆಯಲ್ಲಿ ಸುಮಾರು 20 ದಿನ ಬೇಕು. ಹುಟ್ಟಿದ ಆಳುನೊಣ ಮೊದಲು ಕಣ್ಣುಗಳನ್ನು ಗುಡಿಸುತ್ತದೆ (ಎರಿಯ ಆರು ಮೂಲೆಯ ಪುಟ್ಟ ಕೋಣೆಗೆ ಕಣ್ಣು ಎನ್ನುತ್ತಾರೆ), ಬಳಿಕ ಮರಿಗಳಿಗೆ ಉಣಿಸುತ್ತದೆ, ಆಮೇಲೆ ಮೇಣ ಸುರಿಸಿ ಎರಿ ಕಟ್ಟುತ್ತದೆ, ಬಾಗಿಲು ಕಾಯುತ್ತದೆ. ಕೊನೆಗೆ ಹೂವಿಗೆ ಹೋಗುತ್ತದೆ. ಹೂವಿನ ಕಾಲದಲ್ಲಿ ದುಡಿಯುವ ಆಳುನೊಣದ ಆಯುಸ್ಸು ಸುಮಾರು ಆರು ವಾರ. ನಾನು ಜನವರಿಯಲ್ಲಿ ಎಣಿಸಿದ ನೊಣಗಳು ಏಪ್ರಿಲಿನಲ್ಲಿ ಒಂದೂ ಇರಲಿಲ್ಲ. ಆದರೆ ಪೆಟ್ಟಿಗೆ ತುಂಬಿಯೇ ಇತ್ತು.

ಹೂವಿರುವ ಸ್ಥಳವನ್ನು ಒಂದು ನೊಣ ಇನ್ನೊಂದಕ್ಕೆ ಹೇಳುವ ಬಗೆಯಂತೂ ಬೆರಗು ಹುಟ್ಟಿಸುವಂಥದು. ಕತ್ತಲೆಯ ಎರಿಯ ಮೇಲೆ ನೊಣ 8ರ ಅಂಕಿಯಾಕಾರದಲ್ಲಿ ಕುಣಿಯುತ್ತದೆ. ನಡುವಿನ ಗೆರೆಯಲ್ಲಿ ಓಡುವಾಗ ಹೊಟ್ಟೆಯನ್ನು ಅಲುಗಿಸುತ್ತದೆ. ಆ ಗೆರೆ ನೇರ ಮೇಲಕ್ಕಿದ್ದರೆ ಹೂವು ಸೂರ್ಯನ ದಿಕ್ಕಿಗಿದೆ ಎಂದರ್ಥ. ಗೆರೆ ಬಲಕ್ಕೆ 60 ಡಿಗ್ರಿ ವಾಲಿದ್ದರೆ ಸೂರ್ಯನ ದಿಕ್ಕಿನಿಂದ ಬಲಕ್ಕೆ 60 ಡಿಗ್ರಿ ತಿರುಗಿ ಹಾರಬೇಕು. ಅಲುಗುವ ಓಟ ಹೆಚ್ಚು ಹೊತ್ತು ನಡೆದಷ್ಟೂ ಹೂವು ದೂರ. ಈ ಭಾಷೆಯನ್ನು ಓದಿ ತಿಳಿಸಿದವರು ಆಸ್ಟ್ರಿಯದ ಕಾರ್ಲ್ ಫಾನ್ ಫ್ರಿಶ್. ಅವರಿಗೆ 1973ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ವ್ಯಾಕರಣದ ಪಾಠ ಕಷ್ಟವೆಂದು ಗೊಣಗುವವರು ಇದನ್ನು ನೆನೆಯಬೇಕು. ಕೋನ ಕೊಂಚ ತಪ್ಪಿದರೂ ಇವುಗಳಿಗೆ ಊಟ ತಪ್ಪುತ್ತದೆ.

ಹೂವಿನಿಂದ ತಂದ ಮಕರಂದ ತೆಳ್ಳಗೆ, ನೀರು ನೀರಾಗಿ ಇರುತ್ತದೆ. ನೊಣಗಳು ಅದನ್ನು ಬಾಯಿಂದ ಬಾಯಿಗೆ ದಾಟಿಸಿ, ಕಣ್ಣುಗಳಲ್ಲಿ ಹರಡಿ, ರಾತ್ರಿಯಿಡೀ ರೆಕ್ಕೆ ಬೀಸಿ ಆರಿಸುತ್ತವೆ. ನೀರಿನಂಶ ಸುಮಾರು ಐದನೆಯ ಒಂದು ಪಾಲಿಗೆ ಇಳಿದ ಮೇಲೆ ಮೇಣದ ಮುಚ್ಚಳ ಹಾಕುತ್ತವೆ. ಮುಚ್ಚಳ ಬಿದ್ದ ಎರಿಯಿಂದ ಮಾತ್ರ ಜೇನು ತೆಗೆಯಬೇಕು. ಇಲ್ಲವಾದರೆ ಹುಳಿಯುತ್ತದೆ. ಮಾರ್ಚಿಯಲ್ಲಿ ಮೊದಲ ಸಲ, ಏಪ್ರಿಲಿನಲ್ಲಿ ಎರಡನೆಯ ಸಲ ಮೇಲಿನ ಕೋಣೆಯ ಚೌಕಟ್ಟುಗಳನ್ನು ತಿರುಗುವ ಯಂತ್ರದಲ್ಲಿ ಇಟ್ಟು ಜೇನು ತೆಗೆದೆವು. ಎರಿ ಮುರಿಯಲಿಲ್ಲ, ಮರಿ ಸಾಯಲಿಲ್ಲ. ಖಾಲಿ ಎರಿ ಮತ್ತೆ ಪೆಟ್ಟಿಗೆಗೇ ಹೋಯಿತು. ನನ್ನ ಪುಸ್ತಕದಲ್ಲಿ "ಒಟ್ಟು ಐದು ಬಾಟ್ಲಿ" ಎಂದು ದೊಡ್ಡ ಅಕ್ಷರದಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ.

ಮಳೆಗಾಲ: ನನ್ನ ತಪ್ಪು

ಮೇ ತಿಂಗಳಲ್ಲಿ ಮಾವ ನೆಂಟರ ಮದುವೆಗೆಂದು ಕಾಸರಗೋಡಿನ ಕಡೆ ಹೊರಟರು. ಹೊರಡುವಾಗ, "ಇನ್ನು ಜೇನು ತೆಗೆಯಬೇಡ. ಈಗ ಅಲ್ಲಿ ಇರುವುದು ಅವುಗಳ ಮಳೆಗಾಲದ ಅಕ್ಕಿ" ಎಂದು ಹೇಳಿಯೇ ಹೋಗಿದ್ದರು.

ಪೇಟೆಯ ಅಂಗಡಿಯವರೊಬ್ಬರು ಇನ್ನೆರಡು ಬಾಟ್ಲಿ ಜೇನು ಇದ್ದರೆ ಕೊಳ್ಳುವುದಾಗಿ ಹೇಳಿದ್ದರು. ಶಾಲೆ ಶುರುವಾಗುವುದರಲ್ಲಿತ್ತು. ನನಗೊಂದು ಹೊಸ ಕೊಡೆ ಬೇಕಿತ್ತು. ಒಂದು ಮಧ್ಯಾಹ್ನ ಒಬ್ಬನೇ ಪೆಟ್ಟಿಗೆ ತೆರೆದೆ. ಮೇಲಿನ ಕೋಣೆಯಲ್ಲಿ ಸಿಕ್ಕಿದ್ದು ಒಂದು ಬಾಟ್ಲಿಗೂ ಸಾಲದು. ಕೆಳಗಿನ ಸಂಸಾರ ಕೋಣೆಯ ಎರಿಗಳಲ್ಲಿ ಮರಿಗಳ ಮೇಲುಭಾಗದಲ್ಲಿ ನೊಣಗಳು ತಮಗಾಗಿ ಜೇನು ಕೂಡಿಟ್ಟಿರುತ್ತವೆ. ಅದನ್ನೂ ಕೊಯ್ದೆ. ಎರಡು ಬಾಟ್ಲಿ ಪೂರ್ತಿಯಾಯಿತು. ಕೊಡೆ ಬಂತು. ಆ ದಿನದ ಪುಟದಲ್ಲಿ ನಾನು ಏನನ್ನೂ ಬರೆಯಲಿಲ್ಲ.

ಜೂನಿನಲ್ಲಿ ಮಳೆ ಹಿಡಿಯಿತು. ಕರಾವಳಿಯ ಮಳೆಗಾಲ ಜೇನಿಗೆ ಬರಗಾಲ. ಹೂವಿದ್ದರೂ ಮಕರಂದ ತೊಳೆದುಹೋಗುತ್ತದೆ, ಹೊರಗೆ ಹಾರಲೂ ಬಿಡುವಿಲ್ಲ. ಇಂಥ ಸಮಯದಲ್ಲಿ ಸಕ್ಕರೆ ಮತ್ತು ನೀರನ್ನು ಸಮನಾಗಿ ಕಾಯಿಸಿ ಆರಿಸಿ, ಗೆರಟೆಯಲ್ಲಿ (ತೆಂಗಿನ ಚಿಪ್ಪಿನಲ್ಲಿ) ಸುರಿದು, ನೊಣ ಮುಳುಗದಂತೆ ನಾಲ್ಕು ಹುಲ್ಲುಕಡ್ಡಿ ಹಾಕಿ, ಮುಸ್ಸಂಜೆಯ ಬಳಿಕ ಪೆಟ್ಟಿಗೆಯ ಒಳಗೆ ಇಡಬೇಕು. ಹಗಲಿನಲ್ಲಿ ಇಟ್ಟರೆ ಬೇರೆ ಗೂಡಿನ ನೊಣಗಳು ಕೊಳ್ಳೆಹೊಡೆಯುತ್ತವೆ. ಈ ವಿಧಾನವೆಲ್ಲ ನನಗೆ ಗೊತ್ತಿತ್ತು. ಆದರೆ ಸಕ್ಕರೆ ಕೇಳಿದರೆ "ಏಕೆ, ಅವುಗಳ ಜೇನು ಏನಾಯಿತು?" ಎಂಬ ಪ್ರಶ್ನೆ ಬರುತ್ತದೆ. ಹಾಗಾಗಿ ನಾನು ಕೇಳಲಿಲ್ಲ. ನೋಡುವುದನ್ನೂ ಬಿಟ್ಟೆ. ಹೊಸ ಕೊಡೆ ಹಿಡಿದು ಹಲಸಿನ ಮರದ ಪಕ್ಕದಿಂದಲೇ ದಿನವೂ ಶಾಲೆಗೆ ಹೋಗುತ್ತಿದ್ದೆ, ಪೆಟ್ಟಿಗೆಯ ಕಡೆ ಮುಖ ತಿರುಗಿಸುತ್ತಿರಲಿಲ್ಲ.

ಜುಲೈ ಕೊನೆಗೆ ಎರಡು ದಿನ ಬಿಸಿಲು ಬಿತ್ತು. ಮೂರನೆಯ ದಿನ ಮಾವ ಬಂದು ಪೆಟ್ಟಿಗೆ ಎತ್ತಿ ನೋಡಿದರು. ಹಗುರವಾಗಿತ್ತು. ಒಳಗೆ ಒಂದು ನೊಣವೂ ಇರಲಿಲ್ಲ. ಎರಿಗಳಲ್ಲಿ ಮೇಣದ ಪತಂಗದ ಹುಳುಗಳು ಬಲೆ ನೇಯ್ದಿದ್ದವು. ಉಣ್ಣಲು ಇಲ್ಲದಾಗ ತುಡುವೆ ಗೂಡನ್ನೇ ತೊರೆದು ಹೋಗುತ್ತದೆ. ಬಿಸಿಲು ಕಂಡೊಡನೆ ಅಳಿದುಳಿದ ನೊಣಗಳು ಹೊರಟುಹೋಗಿದ್ದವು.

ಮಾವ ಬಯ್ಯಲಿಲ್ಲ. ನೋಟುಪುಸ್ತಕ ತರಿಸಿ ಪುಟ ಮಗುಚಿದರು. "ಮೇ ತಿಂಗಳ ಕೊನೆಯ ವಾರ ಎಲ್ಲಿ?" ಎಂದರು. ನಾನು ಅಳುತ್ತ ಎಲ್ಲವನ್ನೂ ಹೇಳಿದೆ. "ನನಗೆ ಹೇಳಿದ್ದು ಸಾಕು. ಈಗ ಅದನ್ನೇ ಪುಸ್ತಕದಲ್ಲಿ ಬರೆ. ಜೂನ್ ಒಂದನೇ ವಾರ ನೀನು ಬರೆದಿದ್ದರೆ, ನಾನು ನೋಡಿದ್ದರೆ, ನಾಲ್ಕು ಸೇರು ಸಕ್ಕರೆಯಲ್ಲಿ ಜೇನು ಉಳಿಯುತ್ತಿತ್ತು ಮಾರಾಯ" ಎಂದರು. ಜೇನು ಕದ್ದದ್ದು ಒಂದು ತಪ್ಪು, ಮುಚ್ಚಿಟ್ಟದ್ದು ಇನ್ನೊಂದು. ನೊಣಗಳನ್ನು ಓಡಿಸಿದ್ದು ಎರಡನೆಯದೇ ಎಂದು ನನಗೆ ಅಂದು ಅರಿವಾಯಿತು.

ಎರಡನೆಯ ವರ್ಷ: ರೋಗ

1991ರ ನವೆಂಬರಿನಲ್ಲಿ ಮರದ ಪೊಟರೆಯೊಂದರಿಂದ ಇನ್ನೊಂದು ಸಂಸಾರ ತಂದೆವು. ಈ ಸಲ ನಾನು ಒಂದು ವಾರವೂ ತಪ್ಪಿಸಲಿಲ್ಲ. ಕಡಜ ಬಾಗಿಲಿಗೆ ಬಂದದ್ದು, ನೊಣಗಳು ಒಟ್ಟಾಗಿ ಅದನ್ನು ಮುತ್ತಿ ಮೈಬಿಸಿಯಿಂದಲೇ ಕೊಂದದ್ದು, ಮುಟ್ಟಿದರೆ ಮುನಿ ಹೂವಿನಿಂದ ಪರಾಗ ತಂದದ್ದು, ಎಲ್ಲವನ್ನೂ ಬರೆದೆ. 1992ರ ಬೇಸಿಗೆಯಲ್ಲಿ ಎರಡೇ ಸಲ ಜೇನು ತೆಗೆದು ನಿಲ್ಲಿಸಿದೆ. ಮಳೆ ಬಿದ್ದೊಡನೆ ಸಕ್ಕರೆ ಪಾಕ ಇಟ್ಟೆ. ಪೆಟ್ಟಿಗೆ ಭಾರವಾಗಿಯೇ ಇತ್ತು.

ಆದರೂ ನೊಣ ಕಡಿಮೆಯಾಗತೊಡಗಿತು. ಎರಿ ಎತ್ತಿ ನೋಡಿದಾಗ ಮರಿಗಳು ಕಣ್ಣುಗಳಲ್ಲಿ ಬೆನ್ನಡಿಯಾಗಿ ಚಾಚಿಕೊಂಡು ತಲೆ ಮೇಲೆತ್ತಿ ಸತ್ತಿದ್ದವು. ಕಡ್ಡಿಯಿಂದ ಎತ್ತಿದರೆ ನೀರು ತುಂಬಿದ ಪುಟ್ಟ ಚೀಲದಂತೆ ಇಡಿಯಾಗಿ ಬಂದವು. ದುರ್ವಾಸನೆಯೂ ಇರಲಿಲ್ಲ. ಅಕ್ಕಪಕ್ಕದ ಮನೆಗಳಲ್ಲಿಯೂ ಅದೇ ಕಥೆ. ಹತ್ತು ಪೆಟ್ಟಿಗೆ ಇದ್ದವರಿಗೆ ಹತ್ತೂ ಖಾಲಿ.

ಮುಂದೆ ಹೈಸ್ಕೂಲಿನಲ್ಲಿ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಓದುವಾಗ ಅದರ ಹೆಸರು ತಿಳಿಯಿತು: ಥಾಯ್ ಸ್ಯಾಕ್‌ಬ್ರೂಡ್. ಕನ್ನಡದಲ್ಲಿ ಹೇಳುವುದಾದರೆ ಮರಿಚೀಲ ರೋಗ. 1976ರಲ್ಲಿ ಥಾಯ್ಲೆಂಡಿನಲ್ಲಿ ಮೊದಲು ಗುರುತಿಸಿದ ವೈರಸ್ ಅದು. 1991-92ರಲ್ಲಿ ದಕ್ಷಿಣ ಭಾರತಕ್ಕೆ ವ್ಯಾಪಿಸಿ ಕೇರಳ, ಕರ್ನಾಟಕ, ತಮಿಳುನಾಡುಗಳ ತುಡುವೆ ಸಂಸಾರಗಳಲ್ಲಿ ಹೆಚ್ಚಿನ ಪಾಲನ್ನು ನಾಶಮಾಡಿತು. ವೈರಸ್ಸಾದ್ದರಿಂದ ಔಷಧವಿಲ್ಲ. ಮನುಷ್ಯರಿಗೆ ಅದರಿಂದ ಏನೂ ಆಗದು, ಜೇನು ತಿಂದರೂ ಆಗದು. ಆದರೆ ಜೇನನ್ನೇ ನಂಬಿದ್ದ ಅನೇಕ ಮನೆಗಳ ಕಸುಬು ಒಂದೆರಡು ವರ್ಷದಲ್ಲಿ ನಿಂತುಹೋಯಿತು.

ನನಗೆ ಆಗ ಇದೊಂದೂ ತಿಳಿಯದು. ಪುಸ್ತಕದಲ್ಲಿ "ಈ ಸಲವೂ ನಾನೇ ಏನೋ ತಪ್ಪು ಮಾಡಿರಬೇಕು" ಎಂದು ಬರೆದಿದ್ದೆ. ಮಾವ ಅದನ್ನು ಓದಿ ಆ ಸಾಲನ್ನು ಹೊಡೆದುಹಾಕಿದರು. ಅವರದೇ ಅಕ್ಷರದಲ್ಲಿ ಕೆಳಗೆ ಬರೆದರು: "ಆಹಾರ ಇತ್ತು. ರಾಣಿ ಇತ್ತು. ಇರುವೆ ಇಲ್ಲ. ಮರಿಗಳಿಗೆ ರೋಗ. ಊರಿಗೆಲ್ಲ ಬಂದಿದೆ." ಆಮೇಲೆ ನನಗೆ ಹೇಳಿದರು: "ಹೋದ ವರ್ಷದ್ದು ನಿನ್ನ ಕೈಯಿಂದ ಆದದ್ದು. ಈ ವರ್ಷದ್ದು ಅಲ್ಲ. ಎರಡಕ್ಕೂ ಒಂದೇ ಕಾರಣ ಬರೆದರೆ ನೀನು ಎಂತದೂ ಕಲಿಯುವುದಿಲ್ಲ."

ಮಕ್ಕಳೇ, ಈ ಮಾತನ್ನು ನಾನು ಎಂದೂ ಮರೆತಿಲ್ಲ. ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದಾಗ ಕೆಲವರು ಪ್ರಶ್ನೆಪತ್ರಿಕೆಯನ್ನು ದೂರುತ್ತಾರೆ. ಇನ್ನು ಕೆಲವರು, ಜ್ವರದಲ್ಲಿ ಮಲಗಿದ್ದವರು ಕೂಡ, ತಾವು ದಡ್ಡರೆಂದು ಕೊರಗುತ್ತಾರೆ. ತಾನು ಮಾಡಿದ ತಪ್ಪನ್ನು ಒಪ್ಪಿಕೊಳ್ಳುವುದು ಎಷ್ಟು ಅಗತ್ಯವೋ, ತಾನು ಮಾಡದ ತಪ್ಪನ್ನು ಹೊತ್ತುಕೊಳ್ಳದಿರುವುದೂ ಅಷ್ಟೇ ಅಗತ್ಯ. ಯಾವುದು ಯಾವುದೆಂದು ಬೇರ್ಪಡಿಸಲು ಕಂಡದ್ದನ್ನು ಕಂಡಂತೆ ಬರೆದಿಟ್ಟ ಪುಟ ಬೇಕು.

ಮತ್ತೆ ಬಂದ ತುಡುವೆ

ಎರಡು ವರ್ಷಕ್ಕೂ ಹೆಚ್ಚು ಕಾಲ ಪೆಟ್ಟಿಗೆ ಖಾಲಿಯಿತ್ತು. ಅದನ್ನು ತೊಳೆದು ಬಿಸಿಲಿಗಿಟ್ಟು ಒಳಗೆ ಸ್ವಲ್ಪ ಮೇಣ ಸವರಿ ಕೊಟ್ಟಿಗೆಯ ಸೂರಿನಡಿ ಇಟ್ಟಿದ್ದೆವು. ಕಾಡಿನಲ್ಲಿ ರೋಗಕ್ಕೆ ಜಗ್ಗದೆ ಉಳಿದ ಕೆಲವು ಸಂಸಾರಗಳು ಮೆಲ್ಲನೆ ಹೆಚ್ಚತೊಡಗಿದ್ದವು. 1995ರ ಜನವರಿಯ ಒಂದು ಬೆಳಗ್ಗೆ, ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ, ಕೊಟ್ಟಿಗೆಯ ಕಡೆಯಿಂದ ಗುಂಯ್ ಎಂಬ ಸದ್ದು ಕೇಳಿ ಓಡಿದೆ. ಪೆಟ್ಟಿಗೆಯ ಬಾಗಿಲಲ್ಲಿ ನೊಣಗಳು ಸಾಲುಗಟ್ಟಿ ಒಳಗೆ ಹೋಗುತ್ತಿದ್ದವು. ಈ ಸಲ ನಾವು ಹಿಡಿದು ತಂದಿರಲಿಲ್ಲ, ಅವಾಗಿಯೇ ಬಂದಿದ್ದವು.

ಈಗ ಆ ಹುಡುಗಿಯ ಪ್ರಶ್ನೆಗೆ ಉತ್ತರ ಹೇಳಬಹುದು. ಮಳೆ ಮುಗಿದು ಹೂವು ಬರತೊಡಗಿದಾಗ ಒಂದು ಸಂಸಾರ ಬೆಳೆದು ಗೂಡು ಸಾಲದಾಗುತ್ತದೆ. ಆಗ ಆಳುನೊಣಗಳು ಕೆಲವು ಮರಿಗಳಿಗೆ ವಿಶೇಷ ಆಹಾರ ಉಣಿಸಿ ಹೊಸ ರಾಣಿಯನ್ನು ಬೆಳೆಸುತ್ತವೆ. ಹೊಸಬಳು ಹೊರಬರುವ ಮೊದಲೇ ಹಳೆಯ ರಾಣಿ ಅರ್ಧದಷ್ಟು ಆಳುಗಳನ್ನು ಕರೆದುಕೊಂಡು ಹೊರಡುತ್ತಾಳೆ. ಕಟ್ಟಿದ ಮನೆ, ಕೂಡಿಟ್ಟ ಜೇನು, ಎಲ್ಲವೂ ಹೊಸ ರಾಣಿಗೆ. ಇದನ್ನು ಜೇನು ಪಾಲಾಗುವುದು ಎನ್ನುತ್ತೇವೆ. ಹೊರಟ ಪಾಲು ಹತ್ತಿರದ ಮರದಲ್ಲಿ ತಂಗುತ್ತದೆ. ಹಿರಿಯ ನೊಣಗಳು ಸುತ್ತಲೂ ಹಾರಿ ಮನೆ ಹುಡುಕಿ ಬಂದು, ಗೊಂಚಲಿನ ಮೇಲೆಯೇ ಕುಣಿದು ದಾರಿ ಹೇಳುತ್ತವೆ. ಎಲ್ಲಕ್ಕೂ ಒಪ್ಪಿಗೆಯಾದ ಮೇಲೆ ಗೊಂಚಲು ಏಳುತ್ತದೆ. ತಂಗಿರುವಾಗ ಅವುಗಳಿಗೆ ಕಾಯಬೇಕಾದ ಗೂಡಿಲ್ಲ, ಹೊಟ್ಟೆಯಲ್ಲಿ ದಾರಿಬುತ್ತಿ ತುಂಬಿರುತ್ತದೆ. ಆದ್ದರಿಂದ ಸಾಮಾನ್ಯವಾಗಿ ಯಾರ ಗೊಡವೆಗೂ ಹೋಗುವುದಿಲ್ಲ, ಕಲ್ಲು ಬೀಳುವವರೆಗೆ.

ಊರು ಬಿಟ್ಟು ಬುತ್ತಿ ಕಟ್ಟಿಕೊಂಡು, ಮೊದಲು ಯಾರದೋ ಸೂರಿನಡಿ ತಂಗಿ, ಆಮೇಲೆ ಮನೆ ಹುಡುಕಿಕೊಂಡವರು ಉಸಗಾಂವದ ನಮ್ಮ ಪಾಲಕರಲ್ಲಿ ಅನೇಕರಿದ್ದಾರೆ. ಅವರಿಗೆ ಈ ಗೊಂಚಲಿನ ಅವಸ್ಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪಾಲಕರಿಗೆ ಎರಡು ಮಾತು

ಗೋವೆಯ ಈ ಭಾಗದಲ್ಲಿಯೂ ಗೇರು, ಮಾವು, ತೆಂಗು, ಅಡಿಕೆ, ಕಾಡು ಇವೆ. ಋತುಗಳು ನಮ್ಮ ಸುಳ್ಯದ ಹಾಗೆಯೇ. ಆದುದರಿಂದ ಜೇನು ಸಾಕಲು ಅನುಕೂಲವಿದೆ. ವಿಜಯಪುರ, ಗದಗ, ಧಾರವಾಡದ ಕಡೆಯಿಂದ ಬಂದವರಿಗೆ ಸೂರ್ಯಕಾಂತಿಯ ಹೊಲ ಗೊತ್ತು. ಜೇನುನೊಣ ಬಾರದಿದ್ದರೆ ತೆನೆಯಲ್ಲಿ ಜಳ್ಳು ಹೆಚ್ಚು. ಜೇನುಪೆಟ್ಟಿಗೆಯಿಂದ ಸಿಗುವ ಜೇನಿಗಿಂತ ಸುತ್ತಲಿನ ಕಾಯಿಪಲ್ಯ, ಹಣ್ಣುಗಳಿಗೆ ಆಗುವ ಲಾಭವೇ ದೊಡ್ಡದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 2017ರಲ್ಲಿ ಜೇನು ಯೋಜನೆಯೊಂದನ್ನು ಆರಂಭಿಸಿ ಪೆಟ್ಟಿಗೆಗಳನ್ನೂ ತರಬೇತಿಯನ್ನೂ ಕೊಡುತ್ತ ಬಂದಿದೆ. ಮಕ್ಕಳು ಆಸೆಪಟ್ಟರೆ ಬೇಡವೆನ್ನಬೇಡಿ, ಒಬ್ಬರೇ ಮಾಡಲೂ ಬಿಡಬೇಡಿ. ಬಲ್ಲ ಹಿರಿಯರೊಬ್ಬರು ಪಕ್ಕದಲ್ಲಿರಬೇಕು. ಕೆಲವರಿಗೆ ಒಂದೇ ಚುಚ್ಚಿನಿಂದ ಮೈಯೆಲ್ಲ ದದ್ದು, ಉಸಿರು ಕಟ್ಟುವುದು ಆಗಬಹುದು. ಅಂಥವರನ್ನು ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಆ ನೋಟುಪುಸ್ತಕ ಈಗಲೂ ನನ್ನ ಬಳಿ ಇದೆ. "ಐದು ಬಾಟ್ಲಿ" ಎಂಬ ಪುಟಕ್ಕಿಂತ, ಎರಡು ತಿಂಗಳು ತಡವಾಗಿ, ಮಾವನ ಎದುರಿಗೆ ಕುಳಿತು ಬರೆದ ಮೇ ತಿಂಗಳ ಪುಟವನ್ನೇ ನಾನು ಹೆಚ್ಚಾಗಿ ತೆರೆದು ನೋಡುತ್ತೇನೆ. ಅಕ್ಷರ ಅಲ್ಲಲ್ಲಿ ಹರಡಿದೆ, ಆದರೂ ಓದಬಹುದು. ಬರುವ ಜನವರಿಯಲ್ಲಿ ಗೇರುಮರಕ್ಕೆ ಮತ್ತೆ ಅತಿಥಿಗಳು ಬಂದರೆ ಕಲ್ಲು ಕೆಳಗಿಡಿ, ಪುಸ್ತಕ ಕೈಗೆತ್ತಿಕೊಳ್ಳಿ.

ನೋಡಿ, ಬರೆಯಿರಿ

1. ಒಂದು ಕುಂಬಳ ಅಥವಾ ಸೌತೆಯ ಬಳ್ಳಿಯಲ್ಲಿ ಮರುದಿನ ಅರಳಲಿರುವ ಎರಡು ಹೆಣ್ಣು ಮೊಗ್ಗುಗಳನ್ನು ಗುರುತಿಸಿ. ಒಂದನ್ನು ತೆಳು ಬಟ್ಟೆಯಿಂದ ಕಟ್ಟಿ, ಇನ್ನೊಂದನ್ನು ಹಾಗೆಯೇ ಬಿಡಿ. ಹತ್ತು ದಿನ ನೋಡಿ, ಯಾವುದು ಕಾಯಾಯಿತು, ಯಾವುದು ಉದುರಿತು, ಏಕೆ ಎಂದು ಬರೆಯಿರಿ.

2. ನಿಮ್ಮ ಮನೆಯ ಸುತ್ತ ಯಾವ ಗಿಡಮರ ಯಾವ ತಿಂಗಳಲ್ಲಿ ಹೂಬಿಡುತ್ತದೆ ಎಂದು ಹನ್ನೆರಡು ತಿಂಗಳ ಪಟ್ಟಿ ಮಾಡಿ. ಜೇನಿಗೆ ಉಪವಾಸದ ತಿಂಗಳು ಯಾವುವು?

3. ಹೆಜ್ಜೇನು, ಹೆಮ್ಮರ, ಹೆದ್ದಾರಿ: ಇಂಥ ಇನ್ನೂ ಐದು ಸಮಾಸಪದಗಳನ್ನು ಬಿಡಿಸಿ ಬರೆಯಿರಿ.

4. ಮನೆಯ ಹಿರಿಯರನ್ನು ಕೇಳಿ: ನಿಮ್ಮ ಮೂಲ ಊರಿನಲ್ಲಿ ಯಾವ ಜೇನಿಗೆ ಯಾವ ಹೆಸರು? ನೆರೆಯ ಕೊಂಕಣಿ, ಮರಾಠಿ ಮನೆಗಳಲ್ಲಿ ಏನೆನ್ನುತ್ತಾರೆ? ಕೇಳಿದ ಹೆಸರುಗಳನ್ನೆಲ್ಲ ಕನ್ನಡ ಅಕ್ಷರದಲ್ಲಿ ಬರೆದುತನ್ನಿ.

5. ನಿಮ್ಮ ಕೈಯಿಂದ ಆದ ಒಂದು ತಪ್ಪನ್ನೂ, ನಿಮ್ಮದಲ್ಲದ ಒಂದು ನಷ್ಟವನ್ನೂ ನೆನಪಿಸಿಕೊಂಡು ಬೇರೆ ಬೇರೆ ಪುಟದಲ್ಲಿ ಬರೆಯಿರಿ. ಇದನ್ನು ಯಾರಿಗೂ ತೋರಿಸಬೇಕಾಗಿಲ್ಲ.